ಹೃದಯಾಘಾತ ನಿಜಕ್ಕೂ ಹೆಚ್ಚಾಗಿದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 2025ರ ಮೇ, ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ದಿನ ಬೆಳಗಾದರೆ ಹೃದಯಾಘಾತದ ಸುದ್ದಿ. ದೇಶದಲ್ಲೆಲ್ಲ ಹೀಗೇ ಏರುತ್ತಿದೆಯೇ? ಕೋವಿಡ್ ಲಸಿಕೆ ಕಾರಣವೇ?
– ಓದುಗರು, ಹಾಸನ

ಏರಿಕೆ ಸುಳ್ಳಲ್ಲ. ಆದರೆ ಅದು ಮೂರು ದಶಕಗಳಿಂದ ನಡೆಯುತ್ತಿರುವ ಏರಿಕೆ. 1990ರಲ್ಲಿ ಭಾರತದ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಶೇ 15.2 ಇತ್ತು, 2016ರ ಹೊತ್ತಿಗೆ ಶೇ 28.1 ಆಯಿತು. ಈ ‘ಪಾಲು’ ಸ್ವಲ್ಪ ಮೋಸದ ಲೆಕ್ಕ. ವಾಂತಿಭೇದಿ, ಕ್ಷಯ, ಹಸುಗೂಸುಗಳ ಸಾವು ಕಡಿಮೆಯಾದರೆ, ಹೃದಯದ ಸಾವು ಒಂದೂ ಹೆಚ್ಚದಿದ್ದರೂ ಅದರ ಪಾಲು ಏರುತ್ತದೆ. ಹಾಗೆಂದು ಪೂರ್ತಿ ಸಮಾಧಾನಪಡುವಂತೆಯೂ ಇಲ್ಲ. ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ ಇರುವವರು 2016ರಲ್ಲಿ ಸುಮಾರು 2.38 ಕೋಟಿ, ಅಂದರೆ 1990ರ 2.3 ಪಟ್ಟು. ವಯಸ್ಸಿನ ವ್ಯತ್ಯಾಸ ಕಳೆದು ನೋಡಿದರೂ ಏರಿಕೆ ಉಳಿಯುತ್ತದೆ. ಇಳಿದದ್ದು ಬಾಲ್ಯದ ಗಂಟಲು ಸೋಂಕಿನಿಂದ ಶುರುವಾಗಿ ಕವಾಟ ಕೆಡಿಸುವ ರುಮ್ಯಾಟಿಕ್ ಹೃದ್ರೋಗ.

ಒಂದು ಜಿಲ್ಲೆಯ ಎರಡು ತಿಂಗಳ ಸಾವುಗಳನ್ನು ತೂಗಬೇಕಾದರೆ ಅದೇ ಜಿಲ್ಲೆಯ ಹಿಂದಿನ ವರ್ಷಗಳ ಅದೇ ತಿಂಗಳುಗಳ ಸಂಖ್ಯೆ ಪಕ್ಕದಲ್ಲಿರಬೇಕು. ಸುದ್ದಿಯಾದ ಮೇಲೆ ಎಣಿಕೆ ಶುರುಮಾಡಿದರೆ ಯಾವ ಊರಲ್ಲೂ ಸಾವು ‘ಏರುತ್ತದೆ’. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಗೂ ಹಾಸನದಲ್ಲಿ ಅಸಹಜ ಏರಿಕೆ ಕಂಡಿಲ್ಲ. ಲಸಿಕೆಯ ವಿಷಯ: 18ರಿಂದ 45 ವರ್ಷದವರ ದಿಢೀರ್ ಸಾವುಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ ಪರಿಶೀಲಿಸಿದಾಗ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ದಿಢೀರ್ ಸಾವು ಆಗಿದ್ದು, ಹಿಂದಿನ ಎರಡು ದಿನಗಳಲ್ಲಿ ವಿಪರೀತ ಕುಡಿದದ್ದು ಅಥವಾ ಮೈಮುರಿಯುವ ವ್ಯಾಯಾಮ ಮಾಡಿದ್ದು ಅಪಾಯದ ಪಟ್ಟಿಯಲ್ಲಿದ್ದವು.

ಪ್ರಶ್ನೆ: 2022ರಲ್ಲಿ ದೇಶದಲ್ಲಿ 32 ಸಾವಿರ ಜನ ಹೃದಯಾಘಾತದಿಂದ ಸತ್ತರೆಂದು ಪತ್ರಿಕೆಯಲ್ಲಿ ಓದಿದೆ. ನೀವು ಕೋಟಿಗಳ ಮಾತಾಡುತ್ತೀರಿ. ಯಾವುದು ಸರಿ?
– ನಿವೃತ್ತ ಶಿಕ್ಷಕರು, ತಿಪಟೂರು

ನಾವು ಕೋಟಿಯಲ್ಲಿ ಹೇಳಿದ್ದು ಕಾಯಿಲೆ ಇರುವವರ ಸಂಖ್ಯೆ, ಸತ್ತವರದಲ್ಲ. 32 ಸಾವಿರದ ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ್ದು. ಪೊಲೀಸ್ ಠಾಣೆಯಲ್ಲಿ ದಾಖಲಾದ ದಿಢೀರ್ ಸಾವುಗಳನ್ನಷ್ಟೇ ಅದು ಎಣಿಸುತ್ತದೆ. ಮನೆಯಲ್ಲೋ ಆಸ್ಪತ್ರೆಯಲ್ಲೋ ತೀರಿಕೊಂಡವರ ಪೈಕಿ ಠಾಣೆಯ ಮೆಟ್ಟಿಲು ಹತ್ತುವ ಪ್ರಕರಣ ಎಷ್ಟು? 2016ರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ (ಪಾರ್ಶ್ವವಾಯುವೂ ಸೇರಿ) ಸತ್ತವರು ಅಂದಾಜು 28 ಲಕ್ಷ. ಹಾಗಾಗಿ ಬ್ಯೂರೋದ ಅಂಕಿಯನ್ನು ಹೃದ್ರೋಗದ ಅಳತೆಗೋಲಾಗಿ ಬಳಸುವುದೇ ತಪ್ಪು.

ಇನ್ನೊಂದು ತೊಡಕು ಮರಣ ಪ್ರಮಾಣಪತ್ರದಲ್ಲಿದೆ. ಆಸ್ಪತ್ರೆಯ ಸಾವಿಗೆ ನಮೂನೆ 4, ಹೊರಗಿನದಕ್ಕೆ ನಮೂನೆ 4ಎ. ಅದರಲ್ಲಿ ಕಾರಣಗಳನ್ನು ಸರಪಳಿಯಂತೆ ಬರೆಯಬೇಕು: ಮೊದಲ ಸಾಲಿನಲ್ಲಿ ತಕ್ಷಣದ ಕಾರಣ, ಕೆಳಗೆ ಅದಕ್ಕೆ ದಾರಿಯಾದದ್ದು, ಎಲ್ಲಕ್ಕಿಂತ ಕೆಳಗೆ ಮೂಲ ಕಾಯಿಲೆ. ಎಣಿಕೆಗೆ ಹೋಗುವುದು ಆ ಮೂಲ ಕಾಯಿಲೆ. ಆದರೆ ಎಷ್ಟೋ ಪತ್ರಗಳಲ್ಲಿ ‘ಕಾರ್ಡಿಯಾಕ್ ಅರೆಸ್ಟ್’ ಎಂದು ಒಂದೇ ಸಾಲು ಗೀಚಿ ಮುಗಿಸುತ್ತಾರೆ. ಯಾರೇ ಸತ್ತರೂ ಹೃದಯ ನಿಂತೇ ನಿಲ್ಲುತ್ತದೆ! ಕ್ಯಾನ್ಸರ್ ರೋಗಿಯ ಪತ್ರದಲ್ಲೂ ಇದೇ ಸಾಲಿದ್ದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ವೈದ್ಯರು ಕಾರಣ ಬರೆದುಕೊಟ್ಟ ಸಾವುಗಳೇ ನೋಂದಣಿಯಾದವುಗಳಲ್ಲಿ ಕಾಲು ಭಾಗ ಮುಟ್ಟುವುದಿಲ್ಲ (2020ರಲ್ಲಿ ಶೇ 22.5). ಅದಕ್ಕೇ ಆಯ್ದ ಹಳ್ಳಿ, ಬಡಾವಣೆಗಳಲ್ಲಿ ಗಣತಿದಾರರು ಸತ್ತವರ ಮನೆಗೆ ಹೋಗಿ ‘ಎದೆನೋವಿತ್ತೇ, ಎಷ್ಟು ಹೊತ್ತು, ಬೆವರಿದರೇ’ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಗುರುತಿಸುತ್ತಾರೆ. ಅವರಲ್ಲಿ ಒಮ್ಮತ ಬಾರದಿದ್ದರೆ ಮೂರನೆಯವರ ತೀರ್ಮಾನ.

ಪ್ರಶ್ನೆ: ಕೇರಳದಲ್ಲಿ ಆರೋಗ್ಯ ಸೇವೆ ಚೆನ್ನಾಗಿದೆ ಅನ್ನುತ್ತಾರೆ. ಆದರೂ ಹೃದ್ರೋಗಿಗಳು ಇಲ್ಲೇ ಹೆಚ್ಚಂತೆ, ಏಕೆ?
– ಓದುಗರು, ಕಾಸರಗೋಡು

ಅಲ್ಲಿ ವಯಸ್ಸಾದವರು ಹೆಚ್ಚು, ಕಾಯಿಲೆ ಪತ್ತೆಯಾಗುವುದೂ ಹೆಚ್ಚು, ಆಘಾತವಾದರೂ ಬದುಕಿ ಉಳಿಯುವವರು ಹೆಚ್ಚು. ಬದುಕಿ ಉಳಿದವರೆಲ್ಲ ‘ರೋಗಿ’ಗಳ ಲೆಕ್ಕಕ್ಕೇ ಸೇರುತ್ತಾರೆ. ಬಿಪಿ, ಶುಗರ್ ಕೂಡ ಅಲ್ಲಿ ಕಡಿಮೆಯೇನಿಲ್ಲ, ಅದು ಬೇರೆ ಮಾತು.

ವಯಸ್ಸು ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ. ತಲಾ ಒಂದು ಲಕ್ಷ ಜನರ ಎರಡು ತಾಲ್ಲೂಕು. ಮೊದಲನೆಯದರಲ್ಲಿ 60 ದಾಟಿದವರು 20,000. ಸಾವಿರಕ್ಕೆ 10ರಂತೆ 200 ಸಾವು. ಉಳಿದ 80,000 ಜನರಲ್ಲಿ ಸಾವಿರಕ್ಕೆ 1ರಂತೆ 80. ಒಟ್ಟು 280. ಎರಡನೆಯದರಲ್ಲಿ 60 ದಾಟಿದವರು 10,000. ಸಾವಿರಕ್ಕೆ 12ರಂತೆ 120. ಉಳಿದ 90,000 ಜನರಲ್ಲಿ ಸಾವಿರಕ್ಕೆ 1.2ರಂತೆ 108. ಒಟ್ಟು 228. ಮೇಲ್ನೋಟಕ್ಕೆ ಎರಡನೆಯದೇ ಕ್ಷೇಮ ಅನ್ನಿಸುತ್ತದೆ, ಆದರೆ ಅಲ್ಲಿ ಎರಡೂ ವಯೋಮಾನದಲ್ಲಿ ಅಪಾಯ ಹೆಚ್ಚು. ಎರಡಕ್ಕೂ 60 ದಾಟಿದವರು 15,000 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ 235 ಮತ್ತು 282 ಬರುತ್ತದೆ. ವಯಸ್ಸಿಗೆ ಸರಿಹೊಂದಿಸಿದ ದರ ಎಂದರೆ ಇಷ್ಟೇ. ರಾಜ್ಯ ರಾಜ್ಯಗಳನ್ನು ಹೋಲಿಸುವ ವರದಿಯಲ್ಲಿ ಈ ಮಾತಿಲ್ಲದಿದ್ದರೆ ಆ ಪಟ್ಟಿಯನ್ನು ನಂಬಬೇಡಿ.

ಪ್ರಶ್ನೆ: ಹೃದ್ರೋಗದ ಹೊರೆಗೆ ಕಾರಣಗಳ ಪಟ್ಟಿಯಲ್ಲಿ ಆಹಾರ ಶೇ 56, ಬಿಪಿ ಶೇ 55, ವಾಯುಮಾಲಿನ್ಯ ಶೇ 31... ಕೂಡಿದರೆ ನೂರು ದಾಟುತ್ತದಲ್ಲ?
– ವಿದ್ಯಾರ್ಥಿನಿ, ಧಾರವಾಡ

ದಾಟಲೇಬೇಕು. ಉಪ್ಪಿನಿಂದ ಬಿಪಿ ಏರಿ, ಬಿಪಿಯಿಂದ ಹೃದಯ ಕೆಟ್ಟರೆ ಆ ಒಂದೇ ಪ್ರಕರಣ ಎರಡೂ ಸಾಲಿಗೆ ಬೀಳುತ್ತದೆ. ಕೂಡುವ ಲೆಕ್ಕ ಅದಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಹೃದ್ರೋಗದ ಸಾವು ಇಳಿದದ್ದು ಹೇಗೆ? ನಾವು ಮನೆಯಲ್ಲಿ ಏನು ಮಾಡಬಹುದು?
– ಗೃಹಿಣಿ, ದಾವಣಗೆರೆ

ಅಲ್ಲಿ 1960ರ ದಶಕದ ಕೊನೆಯಿಂದ ಸಾವಿನ ದರ ಇಳಿಯುತ್ತಾ ಬಂತು. 1980ರಿಂದ 2000ದವರೆಗಿನ ಇಳಿಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಚಿಕಿತ್ಸೆಯಿಂದ, ಉಳಿದರ್ಧದ ಬಹುಪಾಲು ಕೊಲೆಸ್ಟರಾಲ್, ಬಿಪಿ, ಧೂಮಪಾನ ತಗ್ಗಿದ್ದರಿಂದ. ನಮ್ಮಲ್ಲಿ ತುರ್ತು ಇನ್ನೂ ಹೆಚ್ಚು: ಮೊದಲ ಹೃದಯಾಘಾತದ ವಯಸ್ಸು ಬೇರೆ ದೇಶಗಳಲ್ಲಿ ಸುಮಾರು 59 ಆದರೆ ದಕ್ಷಿಣ ಏಷ್ಯಾದವರಲ್ಲಿ 53.

ಅಡುಗೆಮನೆಯ ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮಿತಿ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪ್ಯಾಕೆಟ್ಟು ತಿಂಗಳಲ್ಲಿ ಮುಗಿದರೆ ತಲಾ 8 ಗ್ರಾಂ ದಾಟಿತು. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಹೋಟೆಲ್ ಸಾಂಬಾರು ಬೇರೆ. ಆ ಪ್ಯಾಕೆಟ್ಟು ಐವತ್ತು ದಿನ ಬರುವಂತೆ ನೋಡಿಕೊಳ್ಳಿ.

ಬಿಪಿ ನೋಡುವಾಗ ಆಗುವ ತಪ್ಪೇ ಹೆಚ್ಚು. ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆನಿಕೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿ ಬರಿ ತೋಳಿಗಿರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಕೈ ಕೆಳಗೆ ಜೋತುಬಿದ್ದರೆ, ಪಟ್ಟಿ ತೋಳಿಗೆ ಚಿಕ್ಕದಾದರೆ, ಮಧ್ಯೆ ಮಾತಾಡಿದರೆ ಅಂಕಿ ಸುಳ್ಳೇ ಏರುತ್ತದೆ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಮನೆಯಲ್ಲಿ ಹಲವು ದಿನ ನೋಡಿದ ಸರಾಸರಿ 135/85 ದಾಟಿದರೆ ವೈದ್ಯರಿಗೆ ಆ ಚೀಟಿ ತೋರಿಸಿ.

ಎದೆ ಹಿಂಡಿದಂತಾಗಿ, ನೋವು ದವಡೆಗೋ ಎಡಗೈಗೋ ಹರಿದು ಬೆವರಿದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತ.