ಗುಂಪಿನ ಅಂಚಿನಲ್ಲಿ ನಿಲ್ಲುವ ಮಗು

ಪ್ರಶ್ನೆ: ಮದ್ದೂರಿನ ಕಡೆಯ ಹಳ್ಳಿಯಿಂದ ಮೈಸೂರಿನ ಕುವೆಂಪುನಗರಕ್ಕೆ ಬಂದು ನೆಲೆಸಿದ್ದೇವೆ. ಎಂಟು ವರ್ಷದ ಮಗ ಸಂಜೆ ಉದ್ಯಾನದಲ್ಲಿ ಲಗೋರಿ ಆಡುವ ಮಕ್ಕಳನ್ನು ದೂರದಿಂದಲೇ ನೋಡುತ್ತಾ ನಿಲ್ಲುತ್ತಾನೆ. ಒಮ್ಮೊಮ್ಮೆ ಹತ್ತಿರ ಹೋಗಿ ‘ನಮ್ಮೂರಲ್ಲಿ ಹೀಗೆ ಆಡಲ್ಲ’ ಎನ್ನುತ್ತಾನೆ. ಅವರು ‘ನೀನು ಬೇಡ’ ಎಂದು ಕಳಿಸಿಬಿಡುತ್ತಾರೆ. ನಾನೇ ಹೋಗಿ ಆ ಮಕ್ಕಳಿಗೆ ಹೇಳಬೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಈಗಲೇ ಬೇಡ. ದೊಡ್ಡವರ ಮಾತಿಗೆ ಕಟ್ಟುಬಿದ್ದು ಸೇರಿಸಿಕೊಂಡ ಹುಡುಗನಿಗೆ, ದೊಡ್ಡವರು ಅತ್ತ ಹೋದ ಮೇಲೂ ಅದೇ ಜಾಗ ಉಳಿಯುತ್ತದೆ ಎನ್ನುವ ಭರವಸೆ ಇಲ್ಲ. ನಿಮ್ಮ ಮಗ ನಿಂತು ನೋಡುವುದರಲ್ಲಿ ತಪ್ಪೇನೂ ಇಲ್ಲ. ತೊಡಕಿರುವುದು ಅವನು ಆಡುವ ಮೊದಲ ಮಾತಿನಲ್ಲಿ.

ಅಮೆರಿಕದ ಮಾರ್ಥಾ ಪುಟಲಾಜ್ ಮತ್ತು ಜಾನ್ ಗಾಟ್‌ಮನ್ ಅವರು ಎರಡು, ಮೂರನೇ ತರಗತಿಯ ಮಕ್ಕಳನ್ನು ಗಮನಿಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ಇದೇ ಆಗಿತ್ತು: ಈಗಾಗಲೇ ಆಡುತ್ತಿರುವವರ ನಡುವೆ ಹೊಸ ಮಗು ಹೇಗೆ ಸೇರಿಕೊಳ್ಳುತ್ತದೆ? ಓರಗೆಯವರಿಗೆ ಅಷ್ಟಾಗಿ ಬೇಡವಾಗಿದ್ದ ಮಕ್ಕಳು ಆಕ್ಷೇಪಿಸುವುದು, ಪ್ರಶ್ನೆ ಕೇಳುವುದು, ತಮ್ಮ ವಿಷಯವನ್ನೇ ಹೇಳುವುದು ಹೆಚ್ಚು. ಮೆಚ್ಚುಗೆಯ ಮಕ್ಕಳಾದರೋ ನಡೆಯುತ್ತಿರುವ ಆಟದ ಓಟಕ್ಕೆ ಹೊಂದಿಕೊಂಡು ಒಳಸೇರುತ್ತಾರೆ. ‘ನಮ್ಮೂರಲ್ಲಿ ಹೀಗೆ ಆಡಲ್ಲ’ ಎಂಬ ಮಾತಿನ ಹಿಂದೆ ಊರಿನ ನೆನಪಿದೆ, ಹಂಬಲವಿದೆ. ಆದರೆ ಆಡುತ್ತಿರುವವರ ಕಿವಿಗೆ ಅದು ಆಕ್ಷೇಪಣೆಯಾಗಿಯೇ ಬೀಳುತ್ತದೆ. ಜೊತೆಗೆ ಆ ವಯಸ್ಸಿನವರಿಗೆ ನಿಯಮವೆಂದರೆ ಬದಲಾಯಿಸಬಾರದ್ದು. ಸ್ವಿಟ್ಜರ್ಲೆಂಡಿನ ಹುಡುಗರ ಗೋಲಿಯಾಟವನ್ನು ಅಭ್ಯಸಿಸಿದ ಮನೋವಿಜ್ಞಾನಿ ಜೀನ್ ಪಿಯಾಜೆ, ಎಲ್ಲರೂ ಒಪ್ಪಿದರೆ ನಿಯಮವನ್ನು ಬದಲಿಸಬಹುದೆಂಬ ತಿಳಿವಳಿಕೆ ಹತ್ತು ವರ್ಷದ ಆಚೀಚೆ ಮೂಡುತ್ತದೆ ಎಂದು 1932ರಲ್ಲೇ ಬರೆದಿದ್ದರು.

ಆದ್ದರಿಂದ ಅವನಿಗೆ ಹೇಳಿಕೊಡಬೇಕಾದದ್ದು ಸಣ್ಣ ಸಂಗತಿಗಳನ್ನು. ಚೆಂಡು ದೂರ ಹೋದಾಗ ಓಡಿಹೋಗಿ ತಂದುಕೊಡಲಿ. ಒಳ್ಳೆಯ ಗುರಿ ಬಿದ್ದಾಗ ಭೇಷ್ ಎನ್ನಲಿ. ಬಿಲ್ಲೆಗಳು ಉರುಳಿ ಎಲ್ಲರೂ ಓಡುತ್ತಿರುವಾಗ ಕೇಳದೆ, ಒಂದಾಟ ಮುಗಿದು ಹೊಸದಾಗಿ ತಂಡ ಕಟ್ಟುವ ಹೊತ್ತಿಗೆ ‘ಯಾರ ಕಡೆ ಒಬ್ಬರು ಕಡಿಮೆ?’ ಎಂದು ಕೇಳಲಿ. ಮೊದಲ ಸಲ ಅವರು ಬೇಡವೆಂದರೆ ಇನ್ನೊಂದು ಸಲ ಕೇಳಬಹುದು. ಎಲ್ಲರ ಮೆಚ್ಚಿನ ಮಕ್ಕಳೂ ಇಂಥ ‘ಬೇಡ’ವನ್ನು ಕೇಳಿಯೇ ಇರುತ್ತಾರೆ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಂಡರೂ ನಾಲ್ಕು ದಿನ ಒಪ್ಪಿಕೊಳ್ಳಲಿ, ಏಕೆಂದರೆ ಆ ಗುಂಪಿನ ರೀತಿನೀತಿಗಳು ತಿಳಿಯುವುದು ಒಳಗಿದ್ದಾಗಲೇ. ಅದೇ ಅವನ ಕಾಯಂ ಸ್ಥಾನವಾಗುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಗುಂಪು ಒಪ್ಪಿಕೊಳ್ಳುವುದು ಬೇರೆ, ಗೆಳೆಯ ಸಿಗುವುದು ಬೇರೆ. ಹತ್ತು ಮಕ್ಕಳ ಒಪ್ಪಿಗೆಗಾಗಿ ಕಾಯುವ ಬದಲು, ಅವರಲ್ಲಿ ಮೃದುವಾಗಿ ಕಾಣುವ ಒಬ್ಬನನ್ನು, ಅವನ ಮನೆಯವರನ್ನು ಕೇಳಿ, ಭಾನುವಾರ ಚೌಕಾಬಾರಕ್ಕೆ ಕರೆಯಿರಿ. ಇಬ್ಬರೇ ಇದ್ದರೂ ಅದನ್ನು ಆಡಬಹುದು, ಕವಡೆ ಹಾಕುವ ಸರದಿ ತಪ್ಪದೆ ಬರುತ್ತದೆ, ಮಾತು ತಾನಾಗಿ ಹುಟ್ಟುತ್ತದೆ. ಮರುದಿನ ಉದ್ಯಾನದಲ್ಲಿ ಹೆಸರು ಹಿಡಿದು ಕರೆಯುವವನೊಬ್ಬ ಇರುತ್ತಾನೆ. ಊರಿನ ಲಗೋರಿಯನ್ನು ತೋರಿಸಲು ಆಮೇಲೆ ಬೇಕಾದಷ್ಟು ಸಮಯವಿದೆ.

ಆದರೆ ಅವರು ಅವನ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದರೆ, ಹೊಡೆಯುತ್ತಿದ್ದರೆ, ಅಥವಾ ಅವನು ಹೊರಗೆ ಹೋಗುವುದಕ್ಕೇ ಹೆದರಿ ನಿದ್ದೆ, ಊಟ ಕೆಡಿಸಿಕೊಂಡಿದ್ದರೆ ಕಾಯಬೇಡಿ. ಆ ಮಕ್ಕಳ ಪೋಷಕರೊಂದಿಗೂ ಅವನ ತರಗತಿಯ ಶಿಕ್ಷಕರೊಂದಿಗೂ ನೇರವಾಗಿ ಮಾತನಾಡಿ. ಅಲಕ್ಷ್ಯಕ್ಕೊಳಗಾದ ಮಗುವಿಗೆ ದಾರಿ ತೋರಿಸಿದರೆ ಸಾಕಾಗಬಹುದು, ತಿರಸ್ಕಾರಕ್ಕೊಳಗಾದ ಮಗುವಿಗೆ ದೊಡ್ಡವರ ಬೆಂಬಲವೇ ಬೇಕು.

ಪ್ರಶ್ನೆ: ನನ್ನ ಮೂರು ವರ್ಷದ ಮೊಮ್ಮಗಳು ಅಂಗನವಾಡಿಯಲ್ಲಿ ಇತರ ಮಕ್ಕಳ ಪಕ್ಕದಲ್ಲೇ ಕುಳಿತರೂ ತನ್ನಷ್ಟಕ್ಕೆ ಆಡುತ್ತಾಳೆ. ಇದು ಸರಿಯೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸರಿಯಾಗಿಯೇ ಇದೆ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಮಕ್ಕಳ ಆಟವನ್ನು ವಿಂಗಡಿಸಿದಾಗ, ಅಕ್ಕಪಕ್ಕದಲ್ಲಿ ಕುಳಿತು ಬೇರೆಬೇರೆಯಾಗಿ ಆಡುವುದನ್ನೂ ಒಂದು ಬಗೆಯೆಂದು ಗುರುತಿಸಿದ್ದರು. ಈ ವಯಸ್ಸಿನಲ್ಲಿ ಅದು ಸಾಮಾನ್ಯ. ಮನೆಗೆ ಬೇರೆ ಮಗು ಬಂದಾಗ ಒಂದೇ ಬಗೆಯ ಆಟಿಕೆಗಳನ್ನು ಎರಡೆರಡು ಇಡಿ, ಕಿತ್ತಾಟ ಕಡಿಮೆಯಾಗುತ್ತದೆ. ಹೆಸರು ಕರೆದರೆ ತಿರುಗುವುದಿಲ್ಲ ಅಥವಾ ಮಾತು ತಡವಾಗಿದೆ ಎನಿಸಿದರೆ ಮಾತ್ರ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಮಾಡಿಸಿ.