ಓದುಗರ ಪ್ರಶ್ನೆ: ಬಿಸಿಲಿಗೆ ಟೈರಿನ ಹವಾ ಇಳಿಸಬೇಕೇನ್ರಿ?

ಸಸ್ತಾಪುರ ಬಂಗ್ಲಾ ಹತ್ತಿರ, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಪಕ್ಕದಲ್ಲಿ ನಾನು 26 ವರ್ಷದಿಂದ ಲಾರಿ ಟೈರುಗಳ ಕೆಲಸ ಮಾಡುತ್ತಿದ್ದೇನೆ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಲಾರಿ, ಕಲಬುರಗಿಯ ತೊಗರಿಬೇಳೆ ಲಾರಿ, ಶಹಾಬಾದ್ ಕಲ್ಲಿನ ಲಾರಿ, ಎಲ್ಲದರ ಟೈರೂ ಈ ಕೈಯಲ್ಲಿ ಬಿಚ್ಚಿದ್ದೇನೆ. ಈ ಸಲ ಬಂದ ಪ್ರಶ್ನೆಗಳನ್ನು ಓದಿದೆ. ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಮಾತು ಕೇಳಿದ್ದಾರೆ. ಹೋದ ಬೇಸಿಗೆಯಲ್ಲೂ ಅದನ್ನೇ ಕೇಳಿದ್ದರು, ಉತ್ತರವನ್ನೂ ಕೊಟ್ಟಿದ್ದೆ. ಆದರೂ ದಾಬಾಗಳ ಮುಂದೆ ಅದೇ ತಪ್ಪು ದಿನಾ ನಡೆಯುತ್ತಿದೆ. ಹಾಗಾಗಿ ಇವತ್ತು ಹೆಚ್ಚಿನ ಜಾಗ ಅದಕ್ಕೇ, ಉಳಿದ ಪ್ರಶ್ನೆಗಳಿಗೆ ಕೊನೆಯಲ್ಲಿ ಚಿಕ್ಕ ಉತ್ತರ. ಸ್ಟೆಪ್ನಿ ಹಾಕುವುದು, ಜಾಕ್ ಕೊಡುವುದು ನಿಮಗೆ ಗೊತ್ತೇ ಇದೆ, ಅದನ್ನು ಬರೆಯುವುದಿಲ್ಲ.

ಪ್ರಶ್ನೆ: ಸೇಡಂದಿಂದ ಪುಣೆಗೆ ಸಿಮೆಂಟ್ ಒಯ್ತೀನ್ರಿ, ಹತ್ತು ಗಾಲಿ ಲಾರಿ. ಬ್ಯಾಸಿಗ್ಯಾಗ ಟೈರ್ ಸಿಡೀತಾವ ಅಂತ ನಮ್ಮ ಉಸ್ತಾದ್ ಹೇಳ್ಯಾರ. ಮಧ್ಯಾಹ್ನ ದಾಬಾದಾಗ ನಿಂತಾಗ ಎಲ್ಲಾ ಟೈರಿಂದು ಸ್ವಲ್ಪ ಹವಾ ಬಿಡ್ತೀನಿ. ಎಷ್ಟು ಬಿಡಬೇಕ್ರಿ?

ಒಂದು ಪೌಂಡ್ (ಗೇಜಿನ ಪಿಎಸ್‌ಐ) ಹವಾ ಕೂಡ ಬಿಡಬೇಡಿ.

ನಿಮ್ಮ ಉಸ್ತಾದರಿಗೆ ಅವರ ಉಸ್ತಾದರು ಹೇಳಿರುತ್ತಾರೆ, ಅವರಿಗೆ ಇನ್ನೊಬ್ಬರು. ಎಷ್ಟು ಜನ ಹೇಳಿದ್ದರೂ ಇದು ತಪ್ಪು. ಹವಾ ಜಾಸ್ತಿಯಾಗಿ ಟೈರ್ ಸಿಡಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ನನ್ನ ಅಂಗಡಿಗೆ ಬರುವ ಸಿಡಿದ ಟೈರುಗಳಲ್ಲಿ ಹೆಚ್ಚಿನವು ಹವಾ ಕಡಿಮೆಯಾಗಿ ಸತ್ತವು.

ಟೈರಿನ ಗೋಡೆ ಪ್ರತಿ ಸುತ್ತಿಗೂ ನೆಲದ ಹತ್ತಿರ ಬಂದಾಗ ಬಗ್ಗುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ಲಾರಿ ಟೈರ್ ಒಂದು ಕಿಲೋಮೀಟರಿಗೆ ಸುಮಾರು 300 ಸುತ್ತು ಸುತ್ತುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರಟರೆ ಸೆಕೆಂಡಿಗೆ ಐದು ಸಲ. ಪುಣೆ ಮುಟ್ಟುವ ಹೊತ್ತಿಗೆ ಲಕ್ಷ ಸಲ ದಾಟುತ್ತದೆ. ಬೈಂಡಿಂಗ್ ತಂತಿಯನ್ನು ಆಕಡೆ ಈಕಡೆ ಬಗ್ಗಿಸಿ ತುಂಡು ಮಾಡುತ್ತೀರಲ್ಲ, ತುಂಡಾದ ಜಾಗ ಮುಟ್ಟಿ ನೋಡಿ, ಸುಡುತ್ತದೆ. ಟೈರಿನಲ್ಲಿ ಆಗುವುದೂ ಅದೇ. ರೇಡಿಯಲ್ ಟೈರಿನ ಗೋಡೆಯೊಳಗೆ ಇರುವುದೂ ಉಕ್ಕಿನ ತಂತಿಯೇ. ಹವಾ ಸರಿ ಇದ್ದರೆ ಸ್ವಲ್ಪ ಬಗ್ಗುತ್ತದೆ. ಹವಾ ಕಡಿಮೆ ಇದ್ದರೆ ಜಾಸ್ತಿ ಬಗ್ಗುತ್ತದೆ, ಜಾಸ್ತಿ ಕಾಯುತ್ತದೆ. ಕಾದಷ್ಟೂ ರಬ್ಬರು ತಂತಿಯ ಮೇಲಿನ ಹಿಡಿತ ಬಿಡುತ್ತದೆ. ನೀವು ಹವಾ ಬಿಟ್ಟು ಟೈರನ್ನು ತಂಪು ಮಾಡಿದೆ ಅಂದುಕೊಳ್ಳುತ್ತೀರಿ. ನಿಜವಾಗಿ ಅದನ್ನು ಇನ್ನಷ್ಟು ಕಾಯಿಸುವ ಕೆಲಸ ಮಾಡಿರುತ್ತೀರಿ.

ಈಗ ಲೆಕ್ಕಕ್ಕೆ ಬನ್ನಿ. ಬೆಳಿಗ್ಗೆ 30 ಡಿಗ್ರಿ ಇದ್ದಾಗ 120 ಪೌಂಡ್ ಹಾಕಿದಿರಿ. ಮಧ್ಯಾಹ್ನ ಓಡಿ ಓಡಿ ಒಳಗಿನ ಗಾಳಿ 60 ಡಿಗ್ರಿಗೆ ಬಂತು. ಗೇಜ್ ಹಚ್ಚಿದರೆ ಸುಮಾರು 133 ತೋರಿಸುತ್ತದೆ. ನೀವು ಹೆದರುವುದು ಇದನ್ನು ನೋಡಿಯೇ. ಹೆದರಬೇಡಿ. ಓಡುವಾಗ ಇಷ್ಟು ಏರುತ್ತದೆ ಎಂದು ಲೆಕ್ಕ ಹಾಕಿಯೇ ಟೈರ್ ಮಾಡಿರುತ್ತಾರೆ. ಆ 13 ಪೌಂಡ್ ಬಿಟ್ಟು 120ಕ್ಕೆ ತಂದಿರಿ ಅಂತಿಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ಟೈರ್ ತಣ್ಣಗಾದಾಗ ಅದರಲ್ಲಿ ಉಳಿಯುವುದು 108 ಮಾತ್ರ. ಅದೇ 108ರ ಮೇಲೆ ಮತ್ತೆ ಪೂರ್ತಿ ಲೋಡ್ ಹಾಕಿಕೊಂಡು, 43 ಡಿಗ್ರಿ ಬಿಸಿಲಿಗೆ ಹೊರಡುತ್ತೀರಿ. ಯಾರೂ ಬೆಳಿಗ್ಗೆ ತಿರುಗಿ ಹವಾ ತುಂಬಿಸುವುದಿಲ್ಲ. ನಿನ್ನೆ ತಾನೇ ನೋಡಿದ್ದೆನಲ್ಲ ಅನ್ನುತ್ತಾರೆ.

ಹೋದ ಮೇ ತಿಂಗಳಲ್ಲಿ ಒಂದು ಲಾರಿ ಬಂತು. ಹಿಂದಿನ ಎಡಗಡೆ ಜೋಡಿಯಲ್ಲಿ ಹೊರಗಿನ ಟೈರ್ ಸಿಡಿದಿತ್ತು. ಹೊಸ ಟೈರ್, ಇನ್ನೂ ಮೇಲಿನ ರಬ್ಬರ್ ಎಳೆಗಳ ಮೀಸೆಯೂ ಉದುರಿರಲಿಲ್ಲ. ಮಾಲೀಕರು ಫೋನಿನಲ್ಲಿ ಕಂಪನಿಗೆ ಬೈಯುತ್ತಿದ್ದರು. ನಾನು ಒಳಗಿನ ಟೈರನ್ನು ಬಿಚ್ಚಿಸಿದೆ. ನೋಡಲು ಸರಿಯಾಗೇ ಇತ್ತು. ಟ್ಯೂಬ್ ಎಳೆದು ತೆಗೆದು ಒಳಗೆ ಕೈ ಹಾಕಿದೆ. ಅಂಗೈ ತುಂಬ ಕಪ್ಪು ರಬ್ಬರ್ ಪುಡಿ ಬಂತು, ಚಹಾಪುಡಿ ಹಾಗೆ. ಒಳಗೋಡೆಯ ಸುತ್ತಲೂ ಬೆರಳಿಗೆ ಸಿಗುವಂತೆ ಮಡಿಕೆ ಬಿದ್ದಿತ್ತು. ಆ ಟೈರ್ ಎಷ್ಟೋ ದಿನದಿಂದ ಹವಾ ಇಲ್ಲದೆ ಓಡಿತ್ತು. ಅದರ ಪಾಲಿನ ಭಾರವನ್ನೂ ಹೊರಗಿನದೇ ಹೊತ್ತು, ಕೊನೆಗೆ ಸಿಡಿಯಿತು. ಚಾಲಕ ಹುಡುಗ ಹೇಳಿದ: "ಅಣ್ಣಾ, ಒಳಗಿಂದಕ್ಕ ಕೈ ಹೋಗಂಗಿಲ್ಲ, ಅದಕ್ಕ ನೋಡಿಲ್ರಿ."

ಒಳಗಿನ ಟೈರನ್ನು ಯಾರೂ ನೋಡುವುದಿಲ್ಲ. ವಾಲ್ವಿಗೆ ಉದ್ದನೆಯ ಎಕ್ಸ್‌ಟೆನ್ಷನ್ ಸಿಗುತ್ತದೆ, ಹಾಕಿಸಿಕೊಳ್ಳಿ. ವಾಲ್ವಿನ ಕ್ಯಾಪ್ ಹಾಕಿ. ಅದು ಕಳೆದರೆ ಸಿಮೆಂಟಿನ ಧೂಳು ಪಿನ್ನಿಗೆ ಸೇರಿ ಹವಾ ಸಣ್ಣಗೆ ಸೋರುತ್ತದೆ. ಶಹಾಬಾದ್, ಚಿತ್ತಾಪುರ ಕಡೆಯ ಗಣಿಗೆ ಹೋಗುವವರು ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿದೆಯಾ ಅಂತ ಪ್ರತಿ ಸಲ ಬಗ್ಗಿ ನೋಡಲೇಬೇಕು. ಜೋಡಿಯಲ್ಲಿ ಒಂದು ಸವೆದದ್ದು, ಒಂದು ಹೊಸದು ಹಾಕಬೇಡಿ. ಹೊಸದು ಎತ್ತರ ಇರುತ್ತದೆ, ಭಾರವೆಲ್ಲ ಅದಕ್ಕೇ ಬೀಳುತ್ತದೆ.

ಇನ್ನು ಟೈರಿಗೆ ರಾಡಿನಿಂದ ಹೊಡೆದು ಶಬ್ದ ಕೇಳುವ ಪದ್ಧತಿ. "ಟಣ್ ಅಂದ್ರ ಸರಿ ಐತಿ" ಅನ್ನುತ್ತಾರೆ. ಪೂರ್ತಿ ಇಳಿದ ಟೈರ್ ಯಾವುದು ಅಂತ ಆ ಶಬ್ದದಿಂದ ಗೊತ್ತಾಗಬಹುದು. 120 ಯಾವುದು, 95 ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ, 26 ವರ್ಷ ಹೊಡೆದ ಮೇಲೂ. ಒಂದು ಒಳ್ಳೆ ಗೇಜಿಗೆ ಕೆಲವು ನೂರು ರೂಪಾಯಿ. ಕ್ಯಾಬಿನ್ನಿನಲ್ಲಿ ದೇವರ ಫೋಟೋ ಪಕ್ಕದಲ್ಲೇ ಇಡಿ.

ನೋಡುವ ಹೊತ್ತು ಬೆಳಿಗ್ಗೆ, ಲಾರಿ ಹೊರಡುವ ಮುಂಚೆ. ಇಲ್ಲವೇ ನಿಂತು ಮೂರು ನಾಲ್ಕು ಗಂಟೆ ಆದ ಮೇಲೆ, ನೆರಳಿನಲ್ಲಿ. ಎಷ್ಟು ಹಾಕಬೇಕು ಅಂತ ನನ್ನನ್ನೂ ಕೇಳಬೇಡಿ, ಪಂಕ್ಚರ್ ಅಂಗಡಿಯವನನ್ನೂ ಕೇಳಬೇಡಿ. ಟೈರಿನ ಅಳತೆ, ಆಕ್ಸಲ್ ಭಾರ ನೋಡಿ ಕಂಪನಿಯವರು ಪಟ್ಟಿ ಕೊಟ್ಟಿರುತ್ತಾರೆ. ಅದರ ಪ್ರಕಾರ ಹಾಕಿ.

ದಾರಿಯಲ್ಲಿ ನಿಂತಾಗ ಮಾಡಬೇಕಾದ ಕೆಲಸ ಒಂದೇ. ಸುತ್ತಲೂ ನಡೆದು, ಪ್ರತಿ ಗಾಲಿಯ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ, ಮುಟ್ಟಬೇಡಿ. ಒಂದು ಗಾಲಿ ಮಾತ್ರ ಉಳಿದವಕ್ಕಿಂತ ಜಾಸ್ತಿ ಸುಡುತ್ತಿದ್ದರೆ ಸಾಮಾನ್ಯವಾಗಿ ಎರಡು ಕಾರಣ. ಒಂದೋ ಹವಾ ಕಡಿಮೆ, ಇಲ್ಲಾ ಬ್ರೇಕ್ ಹಿಡಿದುಕೊಂಡಿದೆ. ಅಲ್ಲೇ ನಿಲ್ಲಿಸಿ, ತಣ್ಣಗಾಗಲು ಬಿಡಿ, ಕಾರಣ ಹುಡುಕಿ. ಪೈಪ್ ಹಿಡಿದು ನೀರು ಹೊಡೆಯಬೇಡಿ. ಕಾದ ಬ್ರೇಕ್ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಆ ಬಿರುಕು ನಿಮಗೆ ಕಾಣುವುದು ಬ್ರೇಕ್ ಕೈಕೊಟ್ಟ ಮೇಲೆ.

ಮುಂದಿನ ಟೈರ್ ಸಿಡಿದರೆ ಕಾಲು ಬ್ರೇಕ್ ಮೇಲೆ ತಾನಾಗಿ ಹೋಗುತ್ತದೆ. ಹೋಗಲು ಬಿಡಬೇಡಿ. ಎರಡೂ ಕೈಯಲ್ಲಿ ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯಿರಿ, ಆಕ್ಸಿಲರೇಟರ್ ಬಿಡಿ, ಲಾರಿ ನೆಟ್ಟಗೆ ಓಡುತ್ತಲೇ ನಿಧಾನವಾಗಲಿ. ಜೋರಾಗಿ ಬ್ರೇಕ್ ಒತ್ತಿದರೆ ಸಿಡಿದ ಟೈರಿನ ಕಡೆ ಲಾರಿ ಎಳೆದುಕೊಂಡು ಹೋಗುತ್ತದೆ. ಮುಂದಿನ ಗಾಲಿಗೆ ರಬ್ಬರ್ ಹಚ್ಚಿಸಿದ ಹಳೆ ಟೈರ್ ಹಾಕಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಹಿಂದೆ ಹಾಕಿ, ಬೇಡ ಅನ್ನುವುದಿಲ್ಲ.

ಕೊನೆಗೆ, ಇದನ್ನು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಹವಾ ಇಲ್ಲದೆ ದೂರ ಓಡಿದ ಟೈರನ್ನು ಹಾಗೇ ತುಂಬಿಸಬೇಡಿ. ಗೋಡೆಯೊಳಗಿನ ತಂತಿ ಆಗಲೇ ಕಡಿದಿರುತ್ತದೆ, ಹವಾ ಏರಿದಾಗ ಜಿಪ್ ಬಿಚ್ಚಿದ ಹಾಗೆ ಸೀಳುತ್ತದೆ. ಲಾಕ್ ರಿಂಗ್ (ಟೈರನ್ನು ಡಿಸ್ಕಿನ ಮೇಲೆ ಹಿಡಿದಿಡುವ ಕಬ್ಬಿಣದ ಬಳೆ) ಇರುವ ಡಿಸ್ಕ್ ಆದರೆ ಇನ್ನೂ ಅಪಾಯ. ನಮ್ಮ ದಾರಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ಹವಾ ತುಂಬುವಾಗ ರಿಂಗ್ ಎಗರಿತು. ಹದಿನೇಳು ವರ್ಷದ ಹುಡುಗ, ಅದರ ಮೇಲೆ ಬಗ್ಗಿ ಟಾಮಿ ರಾಡಿನಿಂದ ರಿಂಗ್ ತಟ್ಟುತ್ತಿದ್ದ. ಅವನನ್ನು ಎತ್ತಿ ಗಾಡಿಗೆ ಹಾಕಿದವರಲ್ಲಿ ನಾನೂ ಒಬ್ಬ. ಬದುಕಿದ, ಆದರೆ ಬಲಗೈ ಹೋಯಿತು. ಅಂದಿನಿಂದ ನನ್ನ ಅಂಗಡಿಯಲ್ಲಿ ಕಬ್ಬಿಣದ ಪಂಜರದೊಳಗೆ ಇಡದೆ ಒಂದು ಟೈರಿಗೂ ಹವಾ ತುಂಬುವುದಿಲ್ಲ, ಎಷ್ಟು ಅವಸರ ಮಾಡಿದರೂ ಇಲ್ಲ. ಪಂಜರ ಇಲ್ಲದ ಅಂಗಡಿಯಲ್ಲಿ ನಿಂತಿದ್ದರೆ ಗಾಲಿಗೆ ದಪ್ಪ ಸರಪಳಿ ಸುತ್ತಿಸಿ, ಉದ್ದ ಪೈಪ್ ಹಚ್ಚಿಸಿ, ನೀವೂ ನಿಮ್ಮ ಕ್ಲೀನರ್ ಹುಡುಗನೂ ರಿಂಗಿನ ಎದುರಿನಿಂದ ದೂರ ಸರಿಯಿರಿ. ಬಿಚ್ಚುವಾಗಲೂ ಅಷ್ಟೇ. ಪಿನ್ ತೆಗೆದು ಹವಾ ಪೂರ್ತಿ ಹೋದ ಮೇಲೆಯೇ ನಟ್ಟಿಗೆ ಪಾನಾ ಹಚ್ಚಿ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಟೈರ್ ಸಿಡಿಯುವುದಿಲ್ಲವಂತೆ, ಹೌದಾ? (ಹುಮನಾಬಾದ್)

ಇಲ್ಲ. ಸಾದಾ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಆ ದುಡ್ಡಿಗೆ ಗೇಜ್ ಕೊಳ್ಳಿ.

ಪ್ರಶ್ನೆ: ಪೂರ್ತಿ ಲೋಡ್ ಅಂದರೆ ಎಷ್ಟು? ಮಾಲೀಕರು ಎರಡು ಟನ್ ಜಾಸ್ತಿ ಹಾಕಿಸುತ್ತಾರೆ. (ಚಿತ್ತಾಪುರ)

ಆರ್‌ಸಿಯಲ್ಲಿ ಬರೆದಷ್ಟು. ಅದಕ್ಕಿಂತ ಜಾಸ್ತಿ ಹಾಕಿ ಸಿಕ್ಕಿಬಿದ್ದರೆ 20 ಸಾವಿರ ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ಈ ಉತ್ತರವನ್ನು ಮಾಲೀಕರಿಗೆ ಓದಿ ಹೇಳಿ.

ಪ್ರಶ್ನೆ: ಮುಂಬೈಗೆ ಹೋಗುವಾಗ ಬೋರ್ ಘಾಟ್ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಅನ್ನುತ್ತಾರೆ. (ಯಾದಗಿರಿ)

ಯಾರು ಅನ್ನುತ್ತಾರೋ ಅವರ ಲಾರಿ ಹತ್ತಬೇಡಿ. ಈಗಿನ ಎಂಜಿನ್ನುಗಳಲ್ಲಿ ಗೇರ್ ಹಾಕಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ ತಾನಾಗಿಯೇ ಬಂದ್ ಆಗುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಓಡುತ್ತಿರಲು ಡೀಸೆಲ್ ಕುಡಿಯುತ್ತದೆ. ಉಳಿತಾಯ ಅಂದುಕೊಂಡದ್ದು ಖರ್ಚು. ಅದಕ್ಕಿಂತ ದೊಡ್ಡ ಮಾತು, ಗೇರಿನಲ್ಲಿದ್ದಾಗ ಎಂಜಿನ್ನೇ ಲಾರಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ನಲ್ಲಿ ಭಾರವೆಲ್ಲ ಬ್ರೇಕ್ ಲೈನರ್ ಮೇಲೆ. ಅರ್ಧ ಘಾಟ್ ಇಳಿಯುವಷ್ಟರಲ್ಲಿ ಲೈನರ್ ಕಾದು ಹಿಡಿತ ಬಿಡುತ್ತದೆ. ಆಗ ಗೇರ್ ಹಾಕಲು ಹೋದರೆ ಬೀಳುವುದಿಲ್ಲ. ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಬ್ರೇಕಿಗೆ ಹವಾ ತುಂಬುವುದು ಎಂಜಿನ್, ಸ್ಟೇರಿಂಗ್ ಹಗುರ ಮಾಡುವುದೂ ಎಂಜಿನ್. ಎರಡೂ ಹೋದ ಮೇಲೆ ಲಾರಿಯಲ್ಲಿ ಉಳಿದದ್ದೇನು? 2022ರ ನವೆಂಬರ್‌ನಲ್ಲಿ ಪುಣೆಯ ನವಲೆ ಸೇತುವೆ ಇಳಿಜಾರಿನಲ್ಲಿ ಒಂದು ಭಾರಿ ವಾಹನ ಹಿಡಿತ ತಪ್ಪಿ ಇಪ್ಪತ್ತಕ್ಕೂ ಹೆಚ್ಚು ಗಾಡಿಗಳಿಗೆ ಗುದ್ದಿತು. ಘಾಟ್ ಶುರುವಾಗುವ ಮುಂಚೆಯೇ ಗೇರ್ ಇಳಿಸಿ, ಅದೇ ಗೇರಿನಲ್ಲಿ ಕೆಳಗೆ ಬನ್ನಿ.

ಪ್ರಶ್ನೆ: ಬಿಎಸ್-6 ಲಾರಿಗೆ ಹಾಕುವ ಯೂರಿಯಾ ನೀರು ದುಬಾರಿ. ಹೊಲದ ಯೂರಿಯಾ ಕಲಸಿ ಹಾಕಬಹುದಾ? ಒಬ್ಬ ಮೆಕ್ಯಾನಿಕ್ ಅದರ ಗೋಜೇ ಬೇಡ, ಒಂದು ಡಬ್ಬಿ ಕೂಡಿಸುತ್ತೇನೆ ಅಂದಿದ್ದಾನೆ. (ಆಳಂದ)

ಎರಡೂ ಬೇಡ. ಹೊಗೆಯ ವಿಷ ಕಡಿಮೆ ಮಾಡಲು ಹಾಕುವ ಆ ನೀರಿನಲ್ಲಿ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಹೊಲದ ಗೊಬ್ಬರ, ಬೋರಿನ ನೀರು ಹಾಕಿದರೆ ನಳಿಕೆ ಕಟ್ಟಿ, ಸೈಲೆನ್ಸರ್ ಭಾಗವೇ ಹಾಳು. ಅದನ್ನು ಬದಲಿಸುವ ಖರ್ಚಿನಲ್ಲಿ ವರ್ಷಗಟ್ಟಲೆ ಒಳ್ಳೆ ನೀರು ಬರುತ್ತದೆ. ಡಬ್ಬಿ ಕೂಡಿಸುವವನು ಮೆಕ್ಯಾನಿಕ್ ಅಲ್ಲ, ಮೋಸಗಾರ. ಅವನು ಹಾಕುವ ಡಬ್ಬಿ ಯೂರಿಯಾ ನೀರು ಸರಿ ಇದೆ ಅಂತ ಗಾಡಿಗೆ ಸುಳ್ಳು ಹೇಳುತ್ತದೆ, ಹೊಗೆ ಊರಿನವರ ಮೂಗಿಗೆ ಹೋಗುತ್ತದೆ.

ಪ್ರಶ್ನೆ: ರಾತ್ರಿ ನಿದ್ದೆ ಬಾರದ ಹಾಗೆ ಏನು ತಿನ್ನಬೇಕು?

ಏನೂ ತಿನ್ನಬೇಡಿ. ಲಾರಿ ನಿಲ್ಲಿಸಿ ಮಲಗಿ. ಗುಟ್ಕಾ, ಹಸಿಮೆಣಸಿನಕಾಯಿ, ದಾಬಾದಲ್ಲಿ ಸಿಗುವ ಗುಳಿಗೆ, ಯಾವುದೂ ನಿದ್ದೆಯ ಬದಲಿಗೆ ಆಗುವುದಿಲ್ಲ.

ಪ್ರಶ್ನೆ: ಟೈರ್ ಸಿಡಿದು ಉಮರ್ಗಾ ಹತ್ತಿರ ಒಂದು ದಿನ ನಿಂತೆವು. ಇ-ವೇ ಬಿಲ್ ಅವಧಿ ಮುಗಿಯಿತು. (ಬಸವಕಲ್ಯಾಣ)

ಇ-ವೇ ಬಿಲ್ ಅಂದರೆ ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಆನ್‌ಲೈನ್ ಚೀಟಿ. ಅದಕ್ಕೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಮುಗಿಯುವ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆಯವರೆಗೆ ಅವಧಿ ಹೆಚ್ಚಿಸಬಹುದು. ಟೈರ್ ಬಿಚ್ಚುವ ಮುಂಚೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ, ಆಮೇಲೆ ಅಲ್ಲ.

ಪ್ರಶ್ನೆ: ಹೆದ್ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಹಿಂದೆ ಕಲ್ಲು ಇಟ್ಟರೆ ಸಾಕಾ? (ಮನ್ನಾಎಖೆಳ್ಳಿ)

ಸಾಕಾಗುವುದಿಲ್ಲ. ರಾತ್ರಿ ಕಪ್ಪು ರಸ್ತೆಯ ಮೇಲೆ ಕಪ್ಪು ಕಲ್ಲು ಯಾರಿಗೂ ಕಾಣುವುದಿಲ್ಲ. ಹೊಳೆಯುವ ತ್ರಿಕೋನವನ್ನು ಲಾರಿಯಿಂದ ದೂರ, ಹಿಂದೆ ಬರುವವರಿಗೆ ಮೊದಲೇ ಕಾಣುವಂತೆ ಇಡಿ. ನಾಲ್ಕೂ ಇಂಡಿಕೇಟರ್ ಹಾಕಿ. ಲಾರಿಯನ್ನು ಆದಷ್ಟು ರಸ್ತೆಯಿಂದ ಕೆಳಗೆ ಇಳಿಸಿ. 1033ಕ್ಕೆ ಫೋನ್ ಮಾಡಿದರೆ ಹೆದ್ದಾರಿಯವರು ಬರುತ್ತಾರೆ. ಲಾರಿಯ ಹಿಂದೆ ಕೂತು ಊಟ ಮಾಡಬೇಡಿ, ಲಾರಿಯ ಕೆಳಗೆ ಮಲಗಬೇಡಿ. ಗಾಲಿಗೆ ಅಡ್ಡ ಕಲ್ಲು ಕೊಟ್ಟಿದ್ದರೆ ಕೆಲಸ ಮುಗಿದ ಮೇಲೆ ಕ್ಲೀನರ್ ಹುಡುಗನಿಂದ ಒಂದೊಂದನ್ನೂ ಎತ್ತಿಸಿ ಪಕ್ಕದ ತಗ್ಗಿಗೆ ಹಾಕಿಸಿ. ನೀವು ಬಿಟ್ಟು ಹೋದ ಕಲ್ಲಿಗೆ ರಾತ್ರಿ ಬೈಕಿನಲ್ಲಿ ಬರುವವರು ಡಿಕ್ಕಿ ಹೊಡೆಯುತ್ತಾರೆ. ಗಂಡ ಹೆಂಡತಿ ಇಬ್ಬರನ್ನು ಹಾಗೆ ರಸ್ತೆಯಿಂದ ಎತ್ತಿದ್ದೇವೆ. ಎಣಿಸಿ ಇಡಿ, ಎಣಿಸಿ ತೆಗೆಯಿರಿ, ಆಮೇಲೆ ಗೇರ್ ಹಾಕಿ.