ಮಗನ ಬೇಸ್‌ಬಾಲ್ ಕಾರ್ಡಿಗೆ ಎಷ್ಟು ದುಡ್ಡು ಹಾಕಬಹುದು?

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಐದನೇ ಕ್ಲಾಸಿನ ಮಗ ಬೇಸ್‌ಬಾಲ್ ಕಾರ್ಡಿಗಾಗಿ, ಅಂದರೆ ಪ್ಯಾಕೆಟ್ಟಿನಲ್ಲಿ ಬರುವ ಆಟಗಾರರ ಚಿತ್ರದ ಕಾರ್ಡಿಗಾಗಿ, ಹಟ ಹಿಡಿದಿದ್ದಾನೆ ಅಂದಿರಿ. ಆಫೀಸಿನಲ್ಲಿ ಒಬ್ಬರು "ಹೊಸ ಹುಡುಗರ ಕಾರ್ಡು ಕೊಂಡಿಡಿ, ಷೇರಿಗಿಂತ ಬೇಗ ಬೆಳೆಯುತ್ತೆ" ಅಂದರಂತೆ. ಏನು ಮಾಡಲಿ ಅಕ್ಕಾ ಅಂತ ಕೇಳಿದ್ದೀರಿ. ಮಗನಿಗೆ ಖಂಡಿತ ಕೊಡಿಸಿ. ಷೇರಿನ ಜಾಗದಲ್ಲಿ ಮಾತ್ರ ಇದನ್ನು ಇಡಬೇಡಿ. ನಮ್ಮ ಮನೆಯಲ್ಲೂ ಇಬ್ಬರು ಮಕ್ಕಳು ಈ ಕಾರ್ಡುಗಳ ಜೊತೆಯಲ್ಲೇ ಬೆಳೆದವರು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಊರಿನ ಮಕ್ಕಳಿಗೆ ಹುಚ್ಚು ಹೆಚ್ಚಿಸಿದ್ದು ಇಲ್ಲಿನ ಪೈರೇಟ್ಸ್ ತಂಡದ ಪಾಲ್ ಸ್ಕೀನ್ಸ್. 2023ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಎಲ್ಲರಿಗಿಂತ ಮೊದಲು ಆಯ್ಕೆಯಾದ ಪಿಚರ್ (ಚೆಂಡು ಎಸೆಯುವವನು). 2024ರ ಮೇ ತಿಂಗಳಲ್ಲಿ ದೊಡ್ಡ ಲೀಗಿನಲ್ಲಿ, ಅಂದರೆ ಇಲ್ಲಿನ ಅತಿ ಮೇಲಿನ ಹಂತದ ಲೀಗಿನಲ್ಲಿ, ಮೊದಲ ಪಂದ್ಯ ಆಡಿದ. ಅಂದು ಅವನ ಜೆರ್ಸಿಯ ಮೇಲಿದ್ದ ಪುಟ್ಟ ಪಟ್ಟಿಯನ್ನು ತೆಗೆದು ಒಂದು ಕಾರ್ಡಿನಲ್ಲಿ ಕೂರಿಸಿ, ಅವನ ಸಹಿ ಹಾಕಿಸಿ, ಕಾರ್ಡು ತಯಾರಿಸುವ ಟಾಪ್ಸ್ ಕಂಪನಿ ಯಾವುದೋ ಒಂದು ಪ್ಯಾಕೆಟ್ಟಿನೊಳಗೆ ಸೇರಿಸಿತ್ತು. ಅಂಥ ಕಾರ್ಡು ಜಗತ್ತಿಗೆಲ್ಲ ಒಂದೇ. ಅದು ಲಾಸ್ ಏಂಜಲೀಸ್ ಕಡೆಯ 11 ವರ್ಷದ ಹುಡುಗನೊಬ್ಬನಿಗೆ ಸಿಕ್ಕಿತು. ಕಾರ್ಡು ನಮಗೆ ಕೊಡಿ, 30 ವರ್ಷದ ಸೀಸನ್ ಟಿಕೆಟ್ ಕೊಡುತ್ತೇವೆ ಎಂದು ಪೈರೇಟ್ಸ್ ತಂಡವೇ ಕೇಳಿತು. ಮನೆಯವರು ಹರಾಜಿಗೆ ಬಿಟ್ಟರು. 2025ರ ಮಾರ್ಚಿನಲ್ಲಿ ಅದು 11 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತು. ತನ್ನ ವಯಸ್ಸಿನವನಿಗೇ ಹೀಗೆ ಆಯಿತು ಅಂತ ಕೇಳಿದ ಮೇಲೆ ಯಾವ ಮಗು ಸುಮ್ನೆ ಇರುತ್ತೆ?

ಇನ್ನೂ ದೊಡ್ಡ ಲೀಗಿಗೆ ಬಾರದ ಹುಡುಗರ ಕಾರ್ಡಿನ ಕತೆ ಬೇರೆ. ನಮ್ಮ ಕಡೆ ರಣಜಿ ಆಡುವ ಹತ್ತೊಂಬತ್ತರ ಹುಡುಗನನ್ನು ನೋಡಿ, ಇವನು ಮುಂದೆ ಭಾರತಕ್ಕೆ ಆಡುತ್ತಾನೆ ಅಂತ ಪಣ ಕಟ್ಟಿದ ಹಾಗೆ ಅದು. ಬೋಮನ್ ಹೆಸರಿನ ಸೆಟ್‌ನಲ್ಲಿ ಇಂಥವರ ಮೊದಲ ಕಾರ್ಡು ಬರುತ್ತದೆ, ಮೇಲೆ "ಫಸ್ಟ್" ಎಂಬ ಗುರುತು ಇರುತ್ತದೆ. ಪೈರೇಟ್ಸ್ 2024ರಲ್ಲಿ ಹೈಸ್ಕೂಲಿನಿಂದ ನೇರವಾಗಿ ಆರಿಸಿಕೊಂಡ ಕಾನರ್ ಗ್ರಿಫಿನ್ 2025ರಲ್ಲಿ ಮೈನರ್ ಲೀಗಿನಲ್ಲಿ, ಅಂದರೆ ದೊಡ್ಡ ಲೀಗಿಗೆ ತಯಾರಾಗುವ ಕೆಳಗಿನ ಹಂತದಲ್ಲಿ, ಮಿಂಚುತ್ತಿದ್ದಂತೆ ಅವನ ಕಾರ್ಡಿನ ಬೆಲೆಯೂ ಏರಿತು. ಆಗ ಅವನು ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ.

ನಿಮ್ಮ ಆಫೀಸಿನವರು ಬಹುಶಃ ಹೆಸರಾಂತ ಆಟಗಾರ ಮೈಕ್ ಟ್ರೌಟ್ ಕತೆ ಹೇಳಿರುತ್ತಾರೆ. ಅವನ 2009ರ ಬೋಮನ್ ಕಾರ್ಡೊಂದನ್ನು ಒಬ್ಬರು 2018ರಲ್ಲಿ 4 ಲಕ್ಷ ಡಾಲರಿಗೆ ಕೊಂಡರು. 2020ರಲ್ಲಿ ಅದು 39 ಲಕ್ಷ ಡಾಲರ್ ದಾಟಿತು. ನಿಜವೇ. ಆದರೆ 2018ರ ಹೊತ್ತಿಗೆ ಟ್ರೌಟ್ ಎರಡು ಸಲ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಆಗಿದ್ದವನು. ಆ ಲಾಭ ಬಂದಿದ್ದು ಗೆದ್ದು ತೋರಿಸಿದ ಆಟಗಾರನಿಂದ, ಹೆಸರು ಗೊತ್ತಿಲ್ಲದ ಹುಡುಗನಿಂದಲ್ಲ. 2020 ಅಂದರೆ ಕೋವಿಡ್ ಕಾಲ ಕೂಡ. ಎಲ್ಲರೂ ಮನೆಯಲ್ಲಿ ಕೂತು ಕಾರ್ಡು ಕೊಳ್ಳುತ್ತಿದ್ದರು. ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಅಂಕ ಕೊಡುವ ಪಿಎಸ್‌ಎ ಕಂಪನಿ 2021ರ ಮಾರ್ಚಿನಲ್ಲಿ ಹೊಸ ಕಾರ್ಡು ತೆಗೆದುಕೊಳ್ಳುವುದನ್ನೇ ಬಹುಮಟ್ಟಿಗೆ ನಿಲ್ಲಿಸಬೇಕಾಯಿತು, ಅಷ್ಟು ರಾಶಿ ಬಿದ್ದಿತ್ತು.

ಇನ್ನೊಂದು ಕಡೆ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು ನೋಡಿ. 2010ರ ಜೂನ್‌ನಲ್ಲಿ ಮೊದಲ ಪಂದ್ಯದಲ್ಲೇ 14 ಸ್ಟ್ರೈಕ್‌ಔಟ್ ಮಾಡಿದ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದು), ಅದೂ ಪೈರೇಟ್ಸ್ ಎದುರೇ. ಅವನ ಕಾರ್ಡಿಗೆ ಜನ ಮುಗಿಬಿದ್ದರು. ಮೂರೇ ತಿಂಗಳಲ್ಲಿ ಮೊಣಕೈ ಆಪರೇಷನ್ ಆಯಿತು. ಮುಂದೆ 2019ರ ವರ್ಲ್ಡ್ ಸೀರೀಸ್‌ನಲ್ಲಿ (ದೊಡ್ಡ ಲೀಗಿನ ಫೈನಲ್ ಸರಣಿ) ಎಂವಿಪಿ ಆದ, ದೊಡ್ಡ ಆಟಗಾರ. ಹಾಗಿದ್ದರೂ ಗಾಯಗಳು ಬಿಡಲಿಲ್ಲ. ಪಿಚರ್‌ಗಳ ತೋಳಿನ ಮೇಲೆ ಮನೆಯ ಉಳಿತಾಯ ಇಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಹಣ ಗಟ್ಟಿಯಾಗಿ ಉಳಿಯುವುದು ಕಡಿಮೆ ಅಚ್ಚಾದ ಕಾರ್ಡಿನಲ್ಲಿ. 1980ರ ದಶಕದ ಕೊನೆಯಲ್ಲಿ, 90ರ ಮೊದಲಲ್ಲಿ ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಮುಂದೆ ಮಕ್ಕಳ ಕಾಲೇಜಿಗಾಗುತ್ತೆ ಅಂತ ಜನ ಪೆಟ್ಟಿಗೆಗಟ್ಟಲೆ ತೆಗೆದಿಟ್ಟರು. ಗ್ಯಾರೇಜ್ ಸೇಲ್‌ಗಳಲ್ಲಿ ಆ ಪೆಟ್ಟಿಗೆಗಳು ಈಗಲೂ ಸಿಗುತ್ತವೆ, ಕೇಳುವವರಿಲ್ಲ.

ನಿಮ್ಮದು ಎಚ್-1ಬಿ ಕೆಲಸದ ವೀಸಾ ಅಲ್ವಾ? ಮಗನ ನಾಲ್ಕು ಹಳೇ ಕಾರ್ಡು ಮಾರುವುದು ಬೇರೆ, ವಾರ ವಾರ ಕೊಂಡು ಮಾರಿ ಲಾಭ ಮಾಡುವುದು ಬೇರೆ. ಎರಡನೆಯದು ವ್ಯಾಪಾರ. ಆ ವೀಸಾದಲ್ಲಿ ನಿಮಗೆ ಕೆಲಸ ಮಾಡಲು ಅನುಮತಿ ಇರುವುದು ವೀಸಾ ಮಾಡಿಸಿಕೊಟ್ಟ ಕಂಪನಿಯಲ್ಲಿ ಮಾತ್ರ. ಇದನ್ನು ಆಫೀಸಿನ ಗೆಳೆಯರ ಮಾತು ಕೇಳಿ ತೀರ್ಮಾನಿಸಬೇಡಿ, ವಕೀಲರನ್ನೇ ಕೇಳಿ. ತೆರಿಗೆಯೂ ಜಾಸ್ತಿ: ವರ್ಷ ಮೀರಿ ಇಟ್ಟ ಷೇರಿನ ಲಾಭಕ್ಕೆ ಕೇಂದ್ರದ ತೆರಿಗೆ ಹೆಚ್ಚೆಂದರೆ ಶೇ. 20, ಇಂಥ ಸಂಗ್ರಹದ ವಸ್ತುಗಳಿಗೆ ಶೇ. 28ರವರೆಗೆ.

ಮಗನಿಗೆ ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿ, ಅವನೇ ಆರಿಸಲಿ. ಪ್ಯಾಕೆಟ್ಟಿಗೇ ಎಲ್ಲ ಸುರಿಯುವ ಬದಲು ಇಷ್ಟದ ಆಟಗಾರನ ಬಿಡಿ ಕಾರ್ಡು ಕೊಳ್ಳುವುದನ್ನು ಕಲಿಸಿ. ಬೆಲೆ ನೋಡುವಾಗ ಈಬೇಯಲ್ಲಿ ಮಾರುವವರು ಕೇಳುತ್ತಿರುವ ರೇಟು ಬಿಡಿ, ಮಾರಾಟವಾದ ರೇಟು ನೋಡಿ. ಪ್ಲಾಸ್ಟಿಕ್ ಸ್ಲೀವು, ಟಾಪ್‌ಲೋಡರ್ (ಕಾರ್ಡು ಇಡುವ ಗಟ್ಟಿ ಪ್ಲಾಸ್ಟಿಕ್ ಕವರು) ಮೊದಲೇ ತಂದಿಡಿ, ಮೂಲೆ ಮಡಚಿದರೆ ಬೆಲೆ ಅಲ್ಲೇ ಅರ್ಧ ಇಳಿಯುತ್ತದೆ. ಶಾಲೆಯಲ್ಲಿ ಅದಲುಬದಲು ಮಾಡಿಕೊಳ್ಳುತ್ತಲೇ ಅವನಿಗೆ ಗೆಳೆಯರು ಸಿಗುತ್ತಾರೆ. ಹೊಸ ಊರಲ್ಲಿ ಅದು ತುಂಬಾ ದೊಡ್ಡದು.

ಬೇಸಿಗೆಯಲ್ಲಿ ಅವನನ್ನು ಆಲ್ಟೂನಾಗೆ ಕರೆದುಕೊಂಡು ಹೋಗಿ. ಪೂರ್ವಕ್ಕೆ ಸುಮಾರು ಎರಡು ಗಂಟೆ ಡ್ರೈವ್. ಪೈರೇಟ್ಸ್‌ನ ಮೈನರ್ ಲೀಗ್ ತಂಡ ಆಲ್ಟೂನಾ ಕರ್ವ್ ಅಲ್ಲಿ ಆಡುತ್ತದೆ, ಟಿಕೆಟ್ ದುಬಾರಿಯಲ್ಲ. ಪಂದ್ಯಕ್ಕೆ ಮುಂಚೆ ಮಕ್ಕಳು ಬೇಲಿ ಪಕ್ಕ ನಿಂತರೆ ಎಷ್ಟೋ ಆಟಗಾರರು ಬಂದು ಸಹಿ ಹಾಕುತ್ತಾರೆ. ಪೆನ್ನು ಮರೆಯಬೇಡಿ. ಒಂದು ಜಾಕೆಟ್ಟೂ ಇರಲಿ, ಗುಡ್ಡದ ಊರು, ಸಂಜೆ ಚಳಿ ಬೀಳುತ್ತೆ.